ನಿರ್ಮಲಿನಿಯ ಮೂರನೆಯ ಬಾಟಲಿ

ಹಿರಿಯಡ್ಕದ ಪೇಟೆಯಲ್ಲಿ ಬರೀ ಕುಶಲಾ ಎಂದು ಕೇಳಿದರೆ ಯಾರಿಗೂ ತಟ್ಟನೆ ಹೊಳೆಯುತ್ತಿರಲಿಲ್ಲ. ‘ಹೇಗೆ ಗೊತ್ತು ಕುಶಲಾ’ ಎಂದರೆ ಮಾತ್ರ ಬೀಡಿ ಕಟ್ಟುವ ಬ್ರಾಂಚಿನ ಹೆಂಗಸರು, ಜಿನಸಿನ ಅಂಗಡಿಯವರು, ಕಡೆಗೆ ಬಸ್ಸಿನ ಏಜೆಂಟನೂ ನಕ್ಕು ಮನೆಯ ದಾರಿ ತೋರಿಸುತ್ತಿದ್ದರು. ಚಿಕ್ಕಂದಿನಲ್ಲೇ ಅಂಟಿದ ಚಾಳಿ ಅದು. ಬೆಕ್ಕು ಅಡ್ಡ ಬಂದರೆ ಹೋದ ಕೆಲಸ ಕೆಡುತ್ತದೆ ಎಂದು ಯಾರಾದರೂ ಹೇಳಿದರೆ ‘ಹೇಗೆ ಗೊತ್ತು?’ ಎನ್ನುತ್ತಿದ್ದಳು. ಭೂಮಿ ಉರುಟಾಗಿದೆ ಎಂದ ಮೇಷ್ಟ್ರಿಗೂ ಅದನ್ನೇ ಕೇಳಿ ಬೆಂಚಿನ ಮೇಲೆ ನಿಂತವಳು. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತ ಮೇಲೂ ಆ ನಾಲಿಗೆಗೆ ಲಗಾಮು ಬೀಳಲಿಲ್ಲ. ಬುದ್ಧಿವಂತೆ ಎಂದು ಅವಳನ್ನು ಯಾರೂ ಹೊಗಳಿದ್ದಿಲ್ಲ, ಹಟಮಾರಿ ಎಂದು ಬೈದವರು ಬೇಕಾದಷ್ಟು ಮಂದಿ.

ಮನೆಯಲ್ಲಿ ಇದ್ದವರು ಮೂವರು. ಕುಶಲಾ, ಅವಳ ತಾಯಿ ಗುಣವತಿ, ತಾಯಿಯ ಅಣ್ಣ ಅಣ್ಣು ಮಾವ. ಅವರದು ಅಳಿಯಕಟ್ಟಿನ ಮನೆ. ಅಂದರೆ ವಂಶ ಬೆಳೆಯುವುದು ಮಗಳ ಹೊಟ್ಟೆಯಿಂದ. ಯಜಮಾನಿಕೆ ತಾಯಿಯ ಅಣ್ಣನದು, ಅವನ ತರುವಾಯ ತಂಗಿಯ ಮಕ್ಕಳದು. ಅಣ್ಣು ಮಾವನಿಗೆ ಸ್ವಂತ ಮಕ್ಕಳು ಇದ್ದರು, ಆದರೆ ಅವರು ಅವರ ತಾಯಿಯ ಮನೆಯ ಲೆಕ್ಕಕ್ಕೆ ಸೇರಿದವರು. ಈ ಮನೆಗೆ ಉಳಿದ ಹೆಣ್ಣು ಕುಶಲಾ ಒಬ್ಬಳೇ. ಅವಳಿಗೆ ಮಕ್ಕಳಾಗದಿದ್ದರೆ ಮನೆಯ ಹೆಸರು ಅಲ್ಲಿಗೇ ನಿಂತ ಹಾಗೆ. ಬೇರೆ ಕಡೆ ಮಗು ಯಾವಾಗ ಎಂದು ಪೀಡಿಸುವವಳು ಅತ್ತೆ. ಇಲ್ಲಿ ಹೆತ್ತ ತಾಯಿಯೇ ಆ ಪ್ರಶ್ನೆಯನ್ನು ಬಾಯಿಗೆ ತಂದು ನುಂಗುತ್ತಿದ್ದಳು. ಅತ್ತೆ ಬೈದರೆ ತಿರುಗಿ ಬೈಯಬಹುದು. ತಾಯಿ ಸುಮ್ಮನಿದ್ದರೆ ಎಲ್ಲಿಗೆ ಹೋಗುವುದು?

ಗಂಡ ಶೇಖರ ಉಡುಪಿ–ಕಾರ್ಕಳ ಬಸ್ಸಿನ ಕಂಡಕ್ಟರ್. ಅವನ ಮನೆ ಕಾಪುವಿನಲ್ಲಿ. ವಾರಕ್ಕೆ ಎರಡು ಸಲ ಹಿರಿಯಡ್ಕದಲ್ಲಿ ಇಳಿದು ಹೆಂಡತಿಯ ಮನೆಯಲ್ಲಿ ಉಳಿಯುತ್ತಿದ್ದ. ತಮಾಷೆಯ ಮನುಷ್ಯ. ಟಿಕೆಟು ಹರಿಯುತ್ತಾ ಇಡೀ ಬಸ್ಸನ್ನು ನಗಿಸುವವನು.

ಮದುವೆಯಾದದ್ದು ಐವತ್ತಾರನೆಯ ಇಸವಿಯಲ್ಲಿ. ಅದೇ ವರ್ಷದ ಕೊನೆಗೆ ಕುಶಲಾಳ ಮುಟ್ಟು ನಿಂತಿತು. ತಾಯಿಯ ಮುಖ ಅರಳಿತು. ಬಸಿರು ಗಟ್ಟಿಯಾಗಲು ಎಂತಾದರೂ ಮದ್ದು ಬೇಕು ಎಂದು ಅವಳು ಮಗಳನ್ನು ಕರೆದುಕೊಂಡು ಹೋದದ್ದು ಕಾರ್ಕಳದ ಸುಂದರ ಪಂಡಿತರ ಬಳಿಗೆ. ಬಸ್ಸು ನಿಲ್ಲುವಲ್ಲಿ ಒಂದು ಕೋಣೆ ಹಿಡಿದು ಕೂತಿದ್ದ ಈ ಪಂಡಿತರು ಮೈಯೊಳಗಿನ ವಿಷ ತೆಗೆಯುವುದರಲ್ಲಿ ಹೆಸರುವಾಸಿ. ಅಣ್ಣು ಮಾವನ ಹಳೆಯ ಕಜ್ಜಿಯನ್ನು ಅವರ ರಕ್ತಶುದ್ಧಿಯ ಪುಡಿಯೇ ವಾಸಿ ಮಾಡಿದ್ದು ಎಂದು ಮನೆಯಲ್ಲಿ ನಂಬಿಕೆ. ನಿಜ ಹೇಳಬೇಕೆಂದರೆ ಆ ಕಜ್ಜಿ ಪ್ರತಿ ಬೇಸಿಗೆಗೆ ಹೋಗಿ ಮಳೆಗಾಲಕ್ಕೆ ಮರಳುವಂಥದ್ದು. ಪುಡಿ ತಿಂದ ವರ್ಷವೂ ಹಾಗೆಯೇ ಹೋಯಿತು, ಹಾಗೆಯೇ ಮರಳಿತು. ಹೋದದ್ದು ನೆನಪಿನಲ್ಲಿ ಉಳಿಯಿತು, ಮರಳಿದ್ದು ಉಳಿಯಲಿಲ್ಲ.

ಪಂಡಿತರು ಕುಶಲಾಳ ಕೈ ಹಿಡಿದು, ಕಣ್ಣು ಮುಚ್ಚಿ, ನಿಟ್ಟುಸಿರು ಬಿಟ್ಟರು.

“ಇದು ಬಸಿರಲ್ಲಮ್ಮ. ಬೀಡಿ ಕಟ್ಟುವ ಹುಡುಗಿ, ಅಲ್ವಾ? ಹೊಗೆಸೊಪ್ಪಿನ ಧೂಳು ಮೂಗಿನಿಂದ ಇಳಿದು ಗರ್ಭಕೋಶದಲ್ಲಿ ಕಸವಾಗಿ ಕೂತಿದೆ. ಅದು ಬಸಿರಿನ ಹಾಗೆಯೇ ನಟಿಸುತ್ತದೆ. ವಾಂತಿ ಬರುತ್ತದೆ, ತಲೆ ತಿರುಗುತ್ತದೆ. ಮೊದಲು ಕಸ ತೆಗೆಯಬೇಕು. ಗುಡಿಸದ ಮನೆಯಲ್ಲಿ ದೀಪ ಹಚ್ಚುವುದುಂಟಾ?”

“ಹೇಗೆ ಗೊತ್ತು?” ಎಂದಳು ಕುಶಲಾ.

ಗುಣವತಿ ಮಗಳ ತೊಡೆ ಚಿವುಟಿದಳು. ಪಂಡಿತರು ಸಿಟ್ಟು ಮಾಡಲಿಲ್ಲ. “ಕಸ ಹೊರಗೆ ಬಂದಾಗ ನಿನಗೇ ಗೊತ್ತಾಗುತ್ತದೆ. ಕಪ್ಪಗೆ, ಕಣ್ಣಿಗೆ ಕಾಣುವ ಹಾಗೆ” ಎಂದು ನಕ್ಕು ನಿರ್ಮಲಿನಿ ಎಂಬ ಬಾಟಲಿ ಕೊಟ್ಟರು. ಒಳಗೆ ಮಸಿಯಂಥ ದಪ್ಪನೆಯ ಪಾಕ. ಬೆಲ್ಲ ಹಾಕಿದ್ದರೂ ಕಹಿ ಗಂಟಲಲ್ಲಿ ಕೂತುಬಿಡುತ್ತಿತ್ತು.

ಪಂಡಿತರು ಹೇಳಿದ್ದು ಅಕ್ಷರಶಃ ನಡೆಯಿತು. ಹೊಟ್ಟೆ ಕಿವುಚಿ ಕಪ್ಪಗೆ ಭೇದಿಯಾಯಿತು. ಅದಾಗಿ ಎರಡು ದಿನಕ್ಕೆ ನಿಂತ ಮುಟ್ಟೂ ಬಂತು. ಯಾವತ್ತಿನ ಹಾಗಲ್ಲ. ಸೊಂಟ ಮುರಿಯುವಂಥ ನೋವಿನ ಜೊತೆಗೆ, ಗಡ್ಡೆ ಗಡ್ಡೆಯಾಗಿ. ಗುಣವತಿಗೆ ಎಲ್ಲಿಲ್ಲದ ಸಮಾಧಾನ. ಮಗಳ ಮೈಯಿಂದ ವಿಷ ಇಳಿಯಿತಲ್ಲ ಎಂದು ಅವಳು ಅಂದು ಹೆಸರುಬೇಳೆಯ ಪಾಯಸ ಮಾಡಿದಳು. ಹಿಂದಿನ ಜಗಲಿಯಲ್ಲಿ ಮುದುಡಿ ಮಲಗಿದ್ದ ಕುಶಲಾ ಆ ಪಾಯಸವನ್ನು ಕುಡಿದಳು. ಯಾಕೆಂದು ತಿಳಿಯದೆ ಅತ್ತಳು ಕೂಡ.

ಮರುವರ್ಷ ಮತ್ತೆ ಅದೇ. ಮುಟ್ಟು ನಿಂತಿತು, ವಾಂತಿಯಾಯಿತು, ತಾಯಿ ಕಾರ್ಕಳದಿಂದ ಎರಡನೆಯ ಬಾಟಲಿ ತಂದಳು, ಕಪ್ಪು ಹೋಯಿತು, ಕೆಂಪು ಹೋಯಿತು. ಈ ಸಲ ಪಂಡಿತರು ಒಂದು ಮಾತು ಸೇರಿಸಿ ಹೇಳಿದ್ದರು. ಕಸದ ಬೇರು ಆಳಕ್ಕೆ ಇಳಿದಿದೆ. ಮೂರನೆಯ ಸಲ ಕಟ್ಟಿಕೊಂಡು, ತೆಗೆಯಲು ತಡವಾದರೆ ವಿಷ ಎದೆಗೆ ಏರುತ್ತದೆ, ಹುಡುಗಿ ಉಳಿಯುವುದಿಲ್ಲ. ಆ ಮಾತು ಗುಣವತಿಯ ನಿದ್ದೆ ಕೆಡಿಸಿತು.

ಕುಶಲಾಳ ತಲೆಯಲ್ಲಿ ಕೂತದ್ದು ಬೇರೆಯೇ. ಬೀಡಿ ಬ್ರಾಂಚಿನಲ್ಲಿ ಅವಳಿಗಿಂತ ಹತ್ತು ವರ್ಷ ಹೆಚ್ಚು ಹೊಗೆಸೊಪ್ಪು ಮುಟ್ಟಿದ ಹೆಂಗಸರಿದ್ದರು. ಒಬ್ಬೊಬ್ಬರಿಗೆ ಐದೈದು ಮಕ್ಕಳು. ಅವರ ಕಸ ಎಲ್ಲಿಗೆ ಹೋಯಿತು? ಬಾಟಲಿಯ ತಳದಲ್ಲಿ ಇನ್ನೂ ಸ್ವಲ್ಪ ಪಾಕ ಉಳಿದಿತ್ತು. ಶೇಖರ ಬಂದಾಗ ಅವನ ಮುಂದಿಟ್ಟಳು.

“ಇದನ್ನು ಕುಡಿದು ನೋಡ್ತೀರಾ?”

“ಎಂತಕ್ಕೆ ಮಾರಾಯ್ತಿ? ನನಗೆ ಎಂತ ಆಗಿದೆ?”

“ಎಂತದೂ ಆಗಿಲ್ಲ. ಅದಕ್ಕೇ ಕುಡಿಯಿರಿ ಅಂತ ಹೇಳಿದ್ದು.”

ಹೆಂಡತಿಯ ಹಟ ಬಲ್ಲವನು, ಕುಡಿದುಬಿಟ್ಟ. ಮರುದಿನ ಬೆಳಗಿನ ಟ್ರಿಪ್ಪಿನಲ್ಲಿ ಬಸ್ಸು ಆತ್ರಾಡಿಯಲ್ಲಿ ಒಮ್ಮೆ ನಿಂತಿತು, ಪರ್ಕಳದಲ್ಲಿ ಒಮ್ಮೆ ನಿಂತಿತು. ಆಗಿನ್ನೂ ಅರ್ಧ ಬೋಳಾಗಿದ್ದ ಮಣಿಪಾಲದ ಗುಡ್ಡೆಯಲ್ಲಂತೂ ಕಂಡಕ್ಟರು ಚೀಲವನ್ನು ಡ್ರೈವರನ ಮಡಿಲಿಗೆ ಎಸೆದು ಪೊದೆಯ ಹಿಂದೆ ಓಡಿದ. ಪ್ರಯಾಣಿಕರು ಉಡುಪಿ ತಲುಪುವವರೆಗೆ ಇಡೀ ದಾರಿ ಅವನನ್ನು ಗೋಳುಹೊಯ್ದುಕೊಂಡರು. ಸಂಜೆ ಹಿರಿಯಡ್ಕದಲ್ಲಿ ಇಳಿದವನು ಜೋಲು ಮುಖದಲ್ಲೂ ನಗುತ್ತಿದ್ದ.

“ಕಪ್ಪು ಅಂದರೆ ಕಪ್ಪು, ಡಾಂಬರಿನ ಹಾಗೆ! ನನ್ನ ಗರ್ಭಕೋಶವೂ ಶುದ್ಧ ಆಯ್ತು ಮಾರಾಯ್ತಿ!”

ಕುಶಲಾ ಬಿದ್ದು ಬಿದ್ದು ನಕ್ಕಳು. ನಗುತ್ತಿದ್ದವಳು ಹಾಗೆಯೇ ನಿಂತಳು. ಕಪ್ಪು ಬಾಟಲಿಯದು. ಯಾರು ಕುಡಿದರೂ ಬರುವುದು ಅದೇ ಕಪ್ಪು. ಪಂಡಿತರು ತೋರಿಸಿದ ಕಸ ಅವರೇ ಬಾಟಲಿಯಲ್ಲಿ ತುಂಬಿಸಿ ಕೊಟ್ಟದ್ದು. ಹಾಗಾದರೆ ಆಮೇಲೆ ಬಂದ ಕೆಂಪು ಯಾರದ್ದು? ಶೇಖರನಿಗೆ ಆ ಕೆಂಪು ಬಂದಿರಲಿಲ್ಲ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಗಂಡನಿಗೂ ಅಂದು ಏನೂ ಹೇಳಲಿಲ್ಲ.

ಐವತ್ತೆಂಟರಲ್ಲಿ ಮೂರನೆಯ ಸಲ ಮುಟ್ಟು ನಿಂತಾಗ ಕುಶಲಾ ಒಂದು ನಿರ್ಧಾರಕ್ಕೆ ಬಂದಿದ್ದಳು. ತಾಯಿಗೆ ಗೊತ್ತಾಗಬಾರದು. ಆದರೆ ಆ ಮನೆಯಲ್ಲಿ ಇಂಥದ್ದನ್ನು ಮುಚ್ಚಿಡುವುದೆಂದರೆ ಸೂರ್ಯನಿಗೆ ಕೊಡೆ ಹಿಡಿದ ಹಾಗೆ. ತಿಂಗಳ ಮೂರು ದಿನ ಹೆಂಗಸು ಹೊರಗೆ ಕೂರಬೇಕು. ಹಿಂದಿನ ಜಗಲಿಯಲ್ಲಿ ಬೇರೆ ಚಾಪೆ, ಬೇರೆ ಬಟ್ಟಲು. ಅಡುಗೆಮನೆಗೆ ಕಾಲಿಡುವ ಹಾಗಿಲ್ಲ, ಯಾರನ್ನೂ ಮುಟ್ಟುವ ಹಾಗಿಲ್ಲ. ಮನೆಯ ಮೂಲೆಯ ಕೋಣೆಯಲ್ಲಿ ಮನೆದೈವಕ್ಕೆಂದು ಇಟ್ಟ ಮಂಚವಿದ್ದುದರಿಂದ ಗುಣವತಿ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಮಗಳು ಹೊರಗೆ ಕೂರದಿದ್ದರೆ ಮುಟ್ಟು ನಿಂತಿದೆ ಎಂದು ಆ ದಿನವೇ ತಿಳಿಯುತ್ತದೆ.

ಹಾಗಾಗಿ ಕುಶಲಾ ಸುಳ್ಳೇ ಹೊರಗೆ ಕೂತಳು. ಆಗದಿದ್ದರೂ ಆಯಿತು ಎಂದಳು. ದೈವಕ್ಕೆ ಅಪಚಾರವಾಯಿತೇ ಎಂದು ಒಂದು ಕ್ಷಣ ಹೆದರಿಕೆಯಾಯಿತು. ಶುದ್ಧವಾಗಿದ್ದವಳು ಅಶುದ್ಧಳೆಂದು ದೂರ ಕೂತರೆ ಯಾವ ದೈವಕ್ಕೆ ನಷ್ಟ ಎಂದು ತನ್ನಲ್ಲೇ ವಾದ ಹೂಡಿ ಗೆದ್ದಳು. ಕಲೆಯಾಗದ ಬಟ್ಟೆಗಳನ್ನು ಹಿತ್ತಲಿನಾಚೆ ಹರಿಯುವ ತೋಡಿನ ಬದಿಗೆ ಒಯ್ದು ಒಗೆದು ಬೇಲಿಯ ಮೇಲೆ ಹರವಿದಳು. ವಾಂತಿ ಬಂದರೆ ಬಟ್ಟೆ ಒಗೆಯುವ ನೆವದಿಂದ ತೋಡಿಗೇ ಓಡುತ್ತಿದ್ದಳು.

ಅದಾದ ಮೇಲೆ ಶೇಖರನಿಗೆ ಮಾತ್ರ ವಿಷಯ ತಿಳಿಸಿ, ಮನೆಯಲ್ಲಿ ಗೆಳತಿಯ ಮನೆ ಎಂದು ಸುಳ್ಳು ಹೇಳಿ ಅವನ ಜೊತೆ ಕಲ್ಯಾಣಪುರಕ್ಕೆ ಹೋದಳು. ಅಲ್ಲಿ ಮೇಬಲ್ ಎಂಬ ಡಾಕ್ಟರಮ್ಮ ತನ್ನ ಮನೆಯ ಮುಂದಿನ ಕೋಣೆಯಲ್ಲೇ ಹೆಂಗಸರನ್ನು ನೋಡುತ್ತಿದ್ದರು. ಪರೀಕ್ಷೆ ಮಾಡಿ, ಬಸಿರು ಎಂದರು. ಹಿಂದೆ ಆಗಿತ್ತೇ ಎಂದು ಕೇಳಿದರು. ಕುಶಲಾ ಎರಡು ಸಲದ ಕತೆ ಹೇಳಿ, ಸೆರಗಿನಲ್ಲಿ ಸುತ್ತಿ ತಂದಿದ್ದ ಖಾಲಿ ಬಾಟಲಿಯನ್ನು ಮುಂದಿಟ್ಟಳು. ಡಾಕ್ಟರಮ್ಮ ಅದನ್ನು ಮೂಸಿ, ಬಾಯಿಯಲ್ಲಿ ಅಂಟಿ ಉಳಿದದ್ದನ್ನು ಬೆರಳಿಗೆ ಹಚ್ಚಿ ನಾಲಿಗೆಗೆ ತಾಗಿಸಿ ನೋಡಿದರು.

“ಲೋಳೆಸರದ ಗಟ್ಟಿ ರಸ ಉಂಟು. ಕಬ್ಬಿಣದ ಪುಡಿ ಉಂಟು, ಕಪ್ಪಾಗುವುದು ಅದರಿಂದ. ಇನ್ನೂ ಎಂತೆಂತ ಉಂಟೋ ನನಗೆ ಗೊತ್ತಿಲ್ಲ.”

“ಆ ಎರಡು ಸಲ ಇದರಿಂದಲೇ ಹೋದದ್ದಾ ಅಮ್ಮ?”

“ಇದರಿಂದಲೇ ಎಂದು ನಾನು ಹೇಳಲಾರೆ. ಕೆಲವು ಬಸಿರು ತಾವಾಗಿಯೇ ಇಳಿದುಹೋಗುತ್ತವೆ. ಆದರೆ ಬಸುರಿ ಹೆಂಗಸಿಗೆ ಇಷ್ಟು ಖಾರದ ಭೇದಿ ಮದ್ದು ಕೊಡುವವನು ಒಂದೋ ಏನೂ ತಿಳಿಯದವನು, ಇಲ್ಲವೇ ಎಲ್ಲ ತಿಳಿದವನು. ಈ ಸಲ ಒಂದು ತೊಟ್ಟೂ ಬಾಯಿಗೆ ಹಾಕಬೇಡ. ಹಾಕಿದರೆ ನನ್ನ ಹತ್ತಿರ ಬರುವುದರಲ್ಲಿ ಅರ್ಥ ಇಲ್ಲ.”

ಹಿಂದಿರುಗುವ ಬಸ್ಸಿನಲ್ಲಿ ಶೇಖರ ಒಂದೂ ತಮಾಷೆ ಮಾಡಲಿಲ್ಲ. ಉಡುಪಿ ದಾಟಿದ ಮೇಲೆ ಮೆಲ್ಲನೆ ಹೇಳಿದ, “ಅತ್ತೆಗೆ ಹೇಳಿಬಿಡುವ. ಸತ್ಯ ತಾನೇ?”

“ಎಂತ ಹೇಳುವುದು? ನಿನ್ನ ಕೈಯಾರೆ ಎರಡು ಮೊಮ್ಮಕ್ಕಳನ್ನು ಕೊಂದಿದ್ದಿ ಅಂತ ಹೇಳುವುದಾ? ಅಮ್ಮ ಬಾವಿಗೆ ಹಾರುತ್ತಾಳೆ.”

“ಹಾಗಾದರೆ ಕಾಪುವಿಗೆ ಬಾ.”

“ಬರುತ್ತೇನೆ. ಇನ್ನೊಂದು ತಿಂಗಳು ಹೊರಗೆ ಕೂತು ತೋರಿಸಿ ಬರುತ್ತೇನೆ. ಈಗಲೇ ಹೊರಟರೆ ಅಮ್ಮನಿಗೆ ಸಂಶಯ ಬರುತ್ತದೆ, ಬಾಟಲಿ ಹಿಡಿದುಕೊಂಡು ಕಾಪುವಿಗೇ ಬಂದಾಳು. ಐದು ತಿಂಗಳು ತುಂಬಿ ಮಗು ಅಲುಗಾಡಿದ ಮೇಲೆ ಯಾರು ಎಂತ ಹೇಳಲಿ. ಕಸ ಒದೆಯುವುದಿಲ್ಲವಲ್ಲ!”

ಲೆಕ್ಕಾಚಾರ ಸರಿಯಾಗಿಯೇ ಇತ್ತು. ಆದರೆ ಹೆತ್ತವಳ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವಲ್ಲ.

ಮರುತಿಂಗಳು ಕುಶಲಾ ಹೊರಗೆ ಕೂತ ಎರಡನೆಯ ದಿನ. ಅಣ್ಣು ಮಾವ ಒಳಗೆ ಎಲೆಯಡಿಕೆ ಜಗಿಯುತ್ತಿದ್ದರು. ಗುಣವತಿ ಬೆಳಗಿನ ಬಸ್ಸಿಗೆ ಎಲ್ಲಿಗೋ ಹೋಗಿ ಬಂದವಳು, ಕಾಲು ತೊಳೆಯದೆ ನೇರ ಹಿಂದಿನ ಜಗಲಿಗೆ ಬಂದಳು. ಚಾಪೆಯ ಅಂಚಿನಲ್ಲಿ ನಿಲ್ಲಲಿಲ್ಲ. ಚಾಪೆಯ ಮೇಲೇ ಕೂತು ಮಗಳ ಕೈ ಹಿಡಿದಳು.

ಕುಶಲಾ ಕೈ ಸೆಳೆದುಕೊಂಡಳು. “ಅಮ್ಮಾ, ಮುಟ್ಟಬೇಡ!”

“ಮುಟ್ಟಿದರೆ ಎಂತ ಆಗುವುದಿಲ್ಲ ಅಂತ ನಿನಗೂ ಗೊತ್ತುಂಟು, ನನಗೂ ಗೊತ್ತುಂಟು.” ಗುಣವತಿಯ ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ನಿನ್ನೆ ತೋಡಿನಲ್ಲಿ ನೀನು ಬಟ್ಟೆ ಹಿಂಡುವುದನ್ನು ಮರೆಯಲ್ಲಿ ನಿಂತು ನೋಡಿದೆ. ನೀರು ತಿಳಿಯಾಗಿಯೇ ಹೋಯಿತು. ಎಷ್ಟು ತಿಂಗಳಾಯಿತು ಮಗಾ? ಎಂತಕ್ಕೆ ಮುಚ್ಚಿಟ್ಟಿ? ಮೂರನೆಯ ಸಲ ತಡವಾದರೆ ವಿಷ ಎದೆಗೆ ಏರುತ್ತದೆ ಅಂತ ಪಂಡಿತರು ಹೇಳಲಿಲ್ಲವಾ? ಸಾಯಬೇಕು ಅಂತ ಮಾಡಿದ್ದೀಯಾ?”

ಅವಳು ಮಡಿಲಿನಿಂದ ಬಾಟಲಿ ತೆಗೆದಳು. ಕಾರ್ಕಳಕ್ಕೆ ಹೋಗಿ ಬಂದಿದ್ದಳು. ಲೋಟವನ್ನೂ ತಂದಿದ್ದಳು. ಪಾಕ ಸುರಿಯುವಾಗ ಬಾಟಲಿಯ ಬಾಯಿ ಲೋಟದ ಅಂಚಿಗೆ ಕಟಕಟ ತಾಗಿತು. ಅಣ್ಣು ಮಾವ ಬಾಗಿಲಿಗೆ ಬಂದು ನಿಂತರು.

“ಅಮ್ಮ, ನಾನು ಡಾಕ್ಟರಮ್ಮನಿಗೆ ತೋರಿಸಿ ಬಂದೆ. ಬಸಿರು ಅಂತ ಹೇಳಿದ್ದಾರೆ.”

“ಯಾರನ್ನು ಕೇಳಿ ಹೋದದ್ದು?” ಎಂದರು ಮಾವ.

“ಡಾಕ್ಟರಮ್ಮ ಒಳಗೆ ಇಳಿದು ನೋಡಿದ್ದಾರಾ?” ಎಂದಳು ಗುಣವತಿ. “ಹಿಂದಿನ ಎರಡು ಸಲವೂ ನಮಗೆ ಹಾಗೇ ಕಂಡದ್ದು. ಕಡೆಗೆ ಬಂದದ್ದು ಎಂತ? ಕಸ. ನಾನೇ ಕಣ್ಣಾರೆ ನೋಡಿದ್ದೇನೆ.”

ಇದಕ್ಕೆ ಉತ್ತರ ಕುಶಲಾಳ ನಾಲಿಗೆಯ ತುದಿಯಲ್ಲಿತ್ತು. ಅದು ಕಸ ಅಲ್ಲ ಅಮ್ಮ. ಇಷ್ಟು ಹೇಳಿದರೆ ಸಾಕು, ಹೊಟ್ಟೆಯೊಳಗಿನ ಮಗು ಉಳಿಯುತ್ತಿತ್ತು. ಎದುರಿಗೆ ಕೂತ ಈ ಹೆಂಗಸು ಉಳಿಯುತ್ತಿರಲಿಲ್ಲ. ಅತ್ತ ದರಿ, ಇತ್ತ ಪುಲಿ. ಹುಟ್ಟಿದಂದಿನಿಂದ ಲಗಾಮಿಲ್ಲದೆ ಓಡಿದ ನಾಲಿಗೆ ಅಂದು ಅಂಗುಳಿಗೆ ಅಂಟಿಕೊಂಡಿತು.

“ಕುಡಿ ಮಗಾ” ಎಂದರು ಮಾವ. ಒಳ್ಳೆಯ ಮನುಷ್ಯ, ತಂಗಿಯ ಮಗಳನ್ನು ಹೆಗಲ ಮೇಲೆ ಕೂರಿಸಿ ಸಾಕಿದವರು. “ಹಟ ಮಾಡಿದರೆ ಕೈ ಹಿಡಿದು ಬಾಯಿಗೆ ಹೊಯ್ಯಬೇಕಾದೀತು. ನಿನ್ನ ಜೀವಕ್ಕಿಂತ ನಿನ್ನ ಹಟ ದೊಡ್ಡದಲ್ಲ.”

ಕುಶಲಾ ಗೋಡೆಗೆ ಒತ್ತಿ ಕೂತು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಗುಣವತಿಯ ಕಣ್ಣಲ್ಲಿ ನೀರು ಬಂತು. ಹಟ ಹಿಡಿದ ಕೂಸಿಗೆ ಕಷಾಯ ಕುಡಿಸುವಾಗ ತಾಯಂದಿರು ಮಾಡುವ ಉಪಾಯ ಅವಳಿಗೆ ನೆನಪಾಗಿರಬೇಕು.

“ಕಹಿಗೆ ಹೆದರುತ್ತೀಯಾ? ನೋಡು, ಮೊದಲು ನಾನು ಕುಡಿಯುತ್ತೇನೆ. ಆಮೇಲೆ ನೀನು. ಆಯ್ತಾ?” ಎಂದು ಲೋಟ ಎತ್ತಿದಳು.

ಬೇಡ ಎನ್ನಲು ಕುಶಲಾಳಿಗೆ ಸಮಯವಿತ್ತು. ಲೋಟ ತುಟಿಗೆ ತಲುಪುವಷ್ಟು ಸಮಯ. ಐವತ್ತೈದು ದಾಟಿದ ದೇಹ, ಭೇದಿ ತಡೆದೀತೋ ಇಲ್ಲವೋ ಎಂದು ಮನಸ್ಸು ಚೀರಿತು. ಅದೇ ಮನಸ್ಸು, ಕುಡಿಯಲಿ, ತಾನೇ ನೋಡಲಿ ಎಂದೂ ಹೇಳಿತು. ಅವಳು ಬಾಯಿಯಿಂದ ಕೈ ತೆಗೆಯಲಿಲ್ಲ. ಗುಣವತಿ ಗಟಗಟನೆ ಕುಡಿದು ಮುಖ ಹಿಂಡಿದಳು. ಮತ್ತೆ ಲೋಟ ತುಂಬಿಸಲು ಬಾಟಲಿ ಎತ್ತಿದಳು.

“ಈಗ ಬೇಡ. ನಾಳೆ ಬೆಳಿಗ್ಗೆ ಕೊಡು” ಎಂದಳು ಕುಶಲಾ. “ಒಂದು ದಿನದಲ್ಲಿ ಎಂತ ಆಗುವುದಿಲ್ಲ. ನಿನಗೆ ಎಂತ ಬಂತು ಅಂತ ನೀನೇ ನೋಡು. ನೋಡಿದ ಮೇಲೂ ನೀನು ಕೊಟ್ಟರೆ ನಾನು ಕುಡಿಯುತ್ತೇನೆ. ದೈವದ ಆಣೆ.”

ಆ ಮನೆಯಲ್ಲಿ ದೈವದ ಆಣೆ ಇಟ್ಟ ಮೇಲೆ ಮುಂದಿನ ಮಾತಿಲ್ಲ. ಮಾವ ಗೊಣಗುತ್ತಾ ಒಳಗೆ ಹೋದರು. ಕುಶಲಾ ಆಣೆ ಇಟ್ಟಾಗಿತ್ತು, ಇನ್ನು ಹಿಂದೆಗೆಯುವ ಹಾಗಿರಲಿಲ್ಲ. ಅಮ್ಮ ಕಪ್ಪನ್ನು ಕಂಡೂ ಅರ್ಥಮಾಡಿಕೊಳ್ಳದಿದ್ದರೆ? ತನಗೂ ಕಸ ಇತ್ತು, ಹೋಯಿತು ಎಂದು ಕೈಮುಗಿದರೆ? ನಂಬುವವರು ಹಾಗೆಯೇ ತಾನೇ ನಂಬುವುದು.

ಮಧ್ಯಾಹ್ನದ ಹೊತ್ತಿಗೆ ಗುಣವತಿಗೆ ಶುರುವಾಯಿತು. ಮೊದಲು ತಾನೇ ಎದ್ದು ಹೋಗಿ ಬಂದಳು. ಆಮೇಲೆ ಗೋಡೆ ಹಿಡಿದು ಹೋದಳು. ಬಿಸಿಲು ಇಳಿಯುವಾಗ ಹಿತ್ತಲಿನಿಂದ ತೆವಳಿಕೊಂಡು ಬಂದು ಅಂಗಳದಲ್ಲೇ ಕುಸಿದಳು. ಕೈಕಾಲು ತಣ್ಣಗಾಗಿತ್ತು, ತುಟಿ ಒಣಗಿ ಬಿಳುಚಿತ್ತು. ಕುಶಲಾ ಚಾಪೆಯಿಂದ ಎದ್ದವಳು ತಾಯಿಯನ್ನು ತಬ್ಬಿ ಎತ್ತಿ ನಡುಮನೆಯೊಳಗೆ ಮಲಗಿಸಿ ಅಡುಗೆಮನೆಗೆ ನುಗ್ಗಿದಳು. ಗಂಜಿಯ ತಿಳಿ ಬಗ್ಗಿಸಿ ಉಪ್ಪು ಹಾಕಬೇಕು.

“ಹೊರಗಾದವಳು ಒಲೆ ಮುಟ್ಟುತ್ತಿದ್ದೀಯಾ? ತಲೆ ಸರಿ ಉಂಟಾ?” ಎಂದು ಮಾವ ಕೂಗಿದರು.

“ನಾನು ಹೊರಗಾಗಿಲ್ಲ ಮಾವ. ನಾನು ಬಸುರಿ. ಮೊದಲು ಒಂದು ಎಳನೀರು ಕೆತ್ತಿ ಕೊಡಿ.”

ಮಾವ ಕತ್ತಿ ತೆಗೆದುಕೊಂಡರು. ಇಳಿಹೊತ್ತು ಪೂರ್ತಿ ಇಬ್ಬರೂ ಗುಣವತಿಯ ಬಾಯಿಗೆ ಗುಟುಕು ಗುಟುಕಾಗಿ ಎಳನೀರು, ಗಂಜಿ ತಿಳಿ ಹನಿಸಿದರು. ಕುಶಲಾ ತಾಯಿಯ ಅಂಗಾಲು ತಿಕ್ಕುತ್ತಾ ಮನಸ್ಸಿನಲ್ಲೇ ಗೋಗರೆಯುತ್ತಿದ್ದಳು. ಬೇಡ ಎನ್ನಬಹುದಿತ್ತು, ಎನ್ನಲಿಲ್ಲ. ಅಮ್ಮ ಏಳದಿದ್ದರೆ ಹುಟ್ಟುವ ಮಗುವಿನ ಮುಖವನ್ನು ತಾನು ಹೇಗೆ ನೋಡುವುದು ಎಂಬ ಭಯ ಅವಳ ಹೊಟ್ಟೆಯನ್ನೇ ಹಿಂಡಿತು. ಎಲ್ಲಿ ಆ ಹಿಂಡುವಿಕೆ ಮಗುವಿಗೆ ತಾಗುತ್ತದೋ ಎಂದು ಅದಕ್ಕೂ ಹೆದರಿದಳು.

ದೀಪ ಹಚ್ಚುವ ಮೊದಲು ಗುಣವತಿ ಕಣ್ಣು ತೆರೆದಳು. ಮೈ ಬೆಚ್ಚಗಾಗಿತ್ತು.

“ಅಣ್ಣಾ” ಎಂದಳು ಕ್ಷೀಣವಾಗಿ. “ಆ ಬಾಟಲಿ ಎಲ್ಲುಂಟು?”

ಕುಶಲಾ ಅಂಗಾಲು ತಿಕ್ಕುವುದನ್ನು ನಿಲ್ಲಿಸಿದಳು.

“ಜಗಲಿಯಲ್ಲೇ ಉಂಟು. ತರಬೇಕಾ?” ಎಂದರು ಮಾವ.

“ಬೇಡ. ಗೊಬ್ಬರದ ಗುಂಡಿಗೆ ಹೊಯ್ದು ಬಾ. ದನ ಬಾಯಿ ಹಾಕದ ಹಾಗೆ ಮಣ್ಣು ಮುಚ್ಚು.”

ಮಾವ ಹೋದರು. ಕುಶಲಾಳಿಗೆ ತಡೆಯಲಾಗದೆ ಅಳು ಬಂತು. ಉಳಿಯಿತು, ಮಗು ಉಳಿಯಿತು. ತಾಯಿಯ ಪಾದದ ಮೇಲೆ ತಲೆಯಿಟ್ಟು ಬಿಕ್ಕಿದಳು. ಗುಣವತಿ ತಲೆಯ ಮೇಲಿನ ಮಾಡಿನ ಕಡೆ ನೋಡುತ್ತಾ ಮಲಗಿದ್ದಳು. ಹಾಗೆಯೇ ಕೇಳಿದಳು.

“ನನ್ನ ಮುಟ್ಟು ನಿಂತು ಹತ್ತು ವರ್ಷ ಕಳೆಯಿತು. ಹೊಗೆಸೊಪ್ಪು ಮುಟ್ಟಿದವಳೇ ಅಲ್ಲ. ನನ್ನ ಒಳಗೆ ಕಸ ಎಲ್ಲಿಂದ ಬಂತು ಕುಶಲಾ?”

ಕುಶಲಾ ತಾಯಿಯ ಪಾದವನ್ನು ಗಟ್ಟಿಯಾಗಿ ಹಿಡಿದಳು.

“ಆ ಕಪ್ಪು ಮದ್ದಿನದ್ದೇ, ಅಲ್ವಾ? ಹಾಗಾದರೆ ನಿನಗೆ ಆ ಎರಡು ಸಲ ಬಂದದ್ದು...”

ಕುಶಲಾ ಎದ್ದು ಕೂತು ತಾಯಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. ಬೆಕ್ಕಿನ ವಿಷಯದಲ್ಲಿ, ಭೂಮಿಯ ವಿಷಯದಲ್ಲಿ, ಪಂಡಿತರ ವಿಷಯದಲ್ಲಿ ಯಾರ ಮಾತನ್ನೂ ಸುಮ್ಮನೆ ಒಪ್ಪದಿದ್ದ ಹೆಣ್ಣು, ಕಣ್ಣು ಮಿಟುಕಿಸದೆ ಹೇಳಿದಳು:

“ನನ್ನದು ಕಸವೇ ಅಮ್ಮ. ಬೀಡಿಯ ಧೂಳು. ಪಂಡಿತರು ಆಗ ಹೇಳಿದ್ದು ಸರಿಯೇ. ಈ ಸಲದ್ದು ಮಾತ್ರ ಬಸಿರು.”

“ಹೇಗೆ ಗೊತ್ತು?” ಎಂದಳು ಗುಣವತಿ.

“ಡಾಕ್ಟರಮ್ಮ ಹೇಳಿದರು.”

ಗುಣವತಿ ಮಗಳನ್ನೇ ನೋಡಿದಳು. ಆಮೇಲೆ ಹೂಂ ಎಂದು ಗೋಡೆಯ ಕಡೆ ಹೊರಳಿದಳು. ಆ ಮಾತು ಮತ್ತೆಂದೂ ಅವರ ನಡುವೆ ಬರಲಿಲ್ಲ.

ಐವತ್ತೊಂಬತ್ತರಲ್ಲಿ ಕಲ್ಯಾಣಪುರದ ಡಾಕ್ಟರಮ್ಮನ ಕೈಯಲ್ಲಿ ಹೆಣ್ಣು ಮಗು ಹುಟ್ಟಿತು. ಸ್ವರ್ಣಲತಾ ಎಂದು ಹೆಸರಿಟ್ಟರು. ಅಣ್ಣು ಮಾವ ಪೇಟೆಯ ಕಂಡಕಂಡವರಿಗೆಲ್ಲ ಕಲ್ಲುಸಕ್ಕರೆ ಹಂಚಿದರು. ಶೇಖರ ಅಂದು ಬಸ್ಸಿನಲ್ಲಿ ಯಾರನ್ನೂ ನಗಿಸದೆ ತಾನೊಬ್ಬನೇ ನಗುತ್ತಿದ್ದನಂತೆ. ಸುಂದರ ಪಂಡಿತರಿಗೆ ಏನೂ ಆಗಲಿಲ್ಲ. ಅವರು ಕಾರ್ಕಳದಲ್ಲಿ ಇನ್ನೂ ಎರಡು ವರ್ಷ ಬಾಟಲಿ ಮಾರಿ ಬೇರೆ ಊರಿಗೆ ಹೋದರು. ಬೀಡಿ ಬ್ರಾಂಚಿನಲ್ಲಿ ಯಾವಳಾದರೂ ಮೈ ಶುದ್ಧಿ, ರಕ್ತ ಶುದ್ಧಿ ಎಂದು ಪುಡಿಯನ್ನೋ ಪಾಕವನ್ನೋ ಹೊರಗೆ ತೆಗೆದರೆ ಕುಶಲಾ ಎಲೆ ಕತ್ತರಿಸುವ ಕತ್ತರಿ ಕೆಳಗಿಟ್ಟು ಜಗಳಕ್ಕೆ ನಿಲ್ಲುತ್ತಿದ್ದಳು. ತಿಂಗಳು ತಪ್ಪಿದ ಹೆಂಗಸರನ್ನು ಗಂಡನ ಬಸ್ಸು ಹತ್ತಿಸಿ ಡಾಕ್ಟರಮ್ಮನ ಬಳಿಗೆ ಕಳಿಸುತ್ತಿದ್ದಳು. ನಿನಗೆ ಹೇಗೆ ಗೊತ್ತು ಎಂದು ಅವರು ಕೇಳಿದರೆ ಮಾತ್ರ ಮಾತು ಬದಲಿಸುತ್ತಿದ್ದಳು. ತಾಯಿಯ ಕಿವಿಗೆ ಬೀಳುವಲ್ಲಿ ಆ ಜಗಳವನ್ನೂ ಆಡುತ್ತಿರಲಿಲ್ಲ.

ತನ್ನ ಸುಳ್ಳು ಗೆದ್ದಿದೆ ಎಂದೇ ಕುಶಲಾ ತಿಳಿದಿದ್ದಳು. ಅಜ್ಜಿ ಮೊಮ್ಮಗಳನ್ನು ಸೊಂಟದಿಂದ ಇಳಿಸುತ್ತಿರಲಿಲ್ಲ. ಎಣ್ಣೆ ತಿಕ್ಕಿ ಮೀಯಿಸುವುದು ಅವಳು, ತಟ್ಟಿ ಮಲಗಿಸುವುದು ಅವಳು. ಆದರೆ ಬಜೆ ತೇಯುವ ಹೊತ್ತು ಬಂದರೆ, ಓಮದ ನೀರು ಕುಡಿಸಬೇಕಾದರೆ, ಕಡೆಗೆ ಅನ್ನ ಕಲಸಿ ತಿನ್ನಿಸಬೇಕಾದರೂ “ಕುಶಲಾ, ನೀನೇ ಕೊಡು” ಎಂದು ಮಗುವನ್ನು ಕೆಳಗಿಟ್ಟು ಎದ್ದು ಹೋಗುತ್ತಿದ್ದಳು. ವಯಸ್ಸಾಯಿತು, ಕೈ ನಡುಗುತ್ತದೆ ಎನ್ನುತ್ತಿದ್ದಳು. ಬತ್ತಿ ಹೊಸೆಯುವಾಗ ನಡುಗದ ಕೈ ಮಗುವಿನ ಬಾಯಿಯ ಹತ್ತಿರ ಬಂದಾಗ ಮಾತ್ರ ಯಾಕೆ ನಡುಗುತ್ತದೆ ಎಂದು ಕುಶಲಾ ಬಹಳ ದಿನ ಯೋಚಿಸಲಿಲ್ಲ. ಯೋಚಿಸಿದ ದಿನ ಅವಳಿಗೆ ಎಲ್ಲವೂ ತಿಳಿಯಿತು. ಅಮ್ಮ ಒಂದು ಕ್ಷಣವೂ ಆ ಸುಳ್ಳನ್ನು ನಂಬಿರಲಿಲ್ಲ. ಮಗಳಿಗೆ ನೋವಾಗಬಾರದು ಎಂದು ನಂಬಿದ ಹಾಗೆ ಮಾಡಿದ್ದಳು.

ಸ್ವರ್ಣಲತಾಳಿಗೆ ಮೂರು ವರ್ಷವಾದಾಗ ಒಮ್ಮೆ ಜ್ವರ ಬಂತು. ಡಾಕ್ಟರಮ್ಮ ಬಾಟಲಿಯಲ್ಲಿ ಕೆಂಪು ಮದ್ದು ಕೊಟ್ಟಿದ್ದರು. ಕುಶಲಾ ಅದನ್ನು ಚಮಚಕ್ಕೆ ಹೊಯ್ದು ತಾಯಿಯ ಮುಂದೆ ಹಿಡಿದಳು.

“ನೀನು ಕುಡಿಸು ಅಮ್ಮ.”

“ಬೇಡ ಮಗಾ. ನೀನೇ...”

“ನಿನ್ನ ಕೈಯಿಂದಲೇ ಆಗಬೇಕು.”

ಗುಣವತಿ ಮಗಳ ಮುಖ ನೋಡಿದಳು. ಅಲ್ಲಿ ಏನು ಕಂಡಿತೋ, ಚಮಚ ತೆಗೆದುಕೊಂಡಳು. ಮೊದಲು ಆ ಮದ್ದನ್ನು ತಾನೇ ಕುಡಿದಳು. ನುಂಗಿ, ಹೊಟ್ಟೆಯ ಮೇಲೆ ಕೈಯಿಟ್ಟು ಸುಮ್ಮನೆ ಕೂತಳು. ಅಂಗಳದ ಬಿಸಿಲು ಜಗಲಿಯ ಮೆಟ್ಟಿಲು ಹತ್ತುವವರೆಗೂ ಹಾಗೆಯೇ ಕೂತಿದ್ದಳು. ಕುಶಲಾ ಅವಸರ ಮಾಡಲಿಲ್ಲ. ಏನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆ ಗುಣವತಿ ಚಮಚವನ್ನು ಮತ್ತೆ ತುಂಬಿಸಿ, ಮೊಮ್ಮಗಳ ತಲೆಯನ್ನು ತೋಳಿನ ಮೇಲೆ ಇಟ್ಟುಕೊಂಡು ತುಟಿಗೆ ಹಿಡಿದಳು. ಮಗು ಮುಖ ಹಿಂಡದೆ ಕುಡಿಯಿತು.